ಕವಳಿ ಕಂಟಿಯ ಗಂಟು

ಅಲ್ಲಾಡಿತು, ಹೌದು, ಬಿಲದ ಬಾಯಿಯ ಹತ್ತಿರ ಕಂದು ಬಣ್ಣದ್ದೇನೋ ಅಲ್ಲಾಡಿತು — ಅಲ್ಲ, ಒಣಹುಲ್ಲು, ಗಾಳಿ ಬಾದಾಮಿ ಕಡೆಯಿಂದ ತಿರುಗಿದೆ ಅಷ್ಟೆ, ದುರ್ಬೀನು ಇಳಿಸಿದರೆ ಜೋಹರಾಳ ಕಣ್ಣಿನ ಸುತ್ತ ಬೆವರಿನ ಎರಡು ಬಳೆ, ಒರೆಸಿಕೊಳ್ಳಬೇಕು, ಒರೆಸಿಕೊಳ್ಳುವಷ್ಟರಲ್ಲಿ ತಾಯಿ ತೋಳ ಬಂದು ಹೋಗಿಬಿಟ್ಟರೆ? ಬೋರಲಾಗಿ ಮಲಗಿದ ಬಂಡೆ ಇನ್ನೂ ಬೆಳಗಿನ ತಂಪು ಬಿಟ್ಟಿಲ್ಲ, ಮೊಣಕೈ ಕೆಳಗೆ ಅರಣ್ಯ ಇಲಾಖೆಯ ತೋಳ ಸಮೀಕ್ಷೆಯ ನೋಟ್‌ಬುಕ್ಕು, ಜನವರಿ ಹನ್ನೊಂದು, ೧೯೮೩, ಏಳೂವರೆ, ತೋಳ ಇಲ್ಲ ಎಂದು ಬರೆದವಳು ಇಲ್ಲ ಅನ್ನುವುದು ದೊಡ್ಡ ಮಾತಾಯಿತೆಂದು ಹೊಡೆದುಹಾಕಿ ಕಂಡುಬಂದಿಲ್ಲ ಎಂದು ತಿದ್ದಿದ್ದಾಳೆ, ಮೂರು ದಿನದಿಂದ ಅದೇ ಶಬ್ದ, ಪಕ್ಕದಲ್ಲಿ ಕಾರಣ ಎಂಬ ಕಾಲಂ ಮೂರು ದಿನದಿಂದ ಖಾಲಿ, ಕಾರಣವೋ ಕಣ್ಣೆದುರಿಗೇ, ಬಿಲದ ಪಕ್ಕದ ಮುಳ್ಳುಗಿಡ, ಕವಳಿ ಕಂಟಿಯ ಮೇಲೆ ಹಾರಾಡುತ್ತಿದೆ, ಗೇಣುದ್ದದ ಕೆಂಪು ದಾರ.

ಹದಿನೈದು ದಿನದ ಹಿಂದೆ ಇದೇ ಬಂಡೆ, ಇದೇ ಹೊತ್ತು, ಅರಣ್ಯ ಕಾವಲುಗಾರ ಬಂಡೆಪ್ಪ ಅವಳ ತಲೆಯನ್ನು ಅಂಗೈಯಿಂದ ಒತ್ತಿ ತಗ್ಗಿಸಿದ್ದ, ತಗ್ಗ್ರಿ ಅಕ್ಕಾರ ತಗ್ಗ್ರಿ, ನಿಮ್ಮ ತಲಿ ಗೋಳಗುಮ್ಮಟ ಕಂಡಂಗ ಕಾಣ್ತೈತಿ, ನಗು ಬಂದು ಗಂಟಲಲ್ಲೇ ನಿಂತಿತ್ತು, ಯಾಕೆಂದರೆ ಬಿಲದಿಂದ ಒಂದು ಮೂಗು, ಇನ್ನೊಂದು, ಆಮೇಲೆ ನಾಲ್ಕೂ ಮರಿಗಳು ಒಂದರ ಮೇಲೊಂದು ಉರುಳಿ ಹೊರಬಿದ್ದವು, ಅಂಗೈ ಮಾತ್ರ ತಲೆಯ ಮೇಲೇ ಇತ್ತು, ಅವನು ಮರೆತಿದ್ದ, ಅವಳು ಮರೆತಿರಲಿಲ್ಲ. ಕುರಿಗಾರರ ಮನೆಯವನು, ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಅಣ್ಣ ಮಾಳಪ್ಪನ ಹಿಂಡಿನಿಂದ ಇದೇ ತೋಳ ಎರಡು ಕುರಿಮರಿ ಎತ್ತಿಕೊಂಡು ಹೋಗಿತ್ತು, ಆದರೂ ಅಣ್ಣನಿಗೆ ತೋರಿಸದ ಜಾಗವನ್ನು ಅವಳಿಗೆ ತೋರಿಸಿದ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಗೊತ್ತಾತಂದ್ರ ನಮ್ಮವರು ಬಿಲಕ್ಕ ಕಲ್ಲು ತುಂಬತಾರ. ಬಿಡಲಿಲ್ಲ, ಸಾಹೇಬರು ಕೇಳಿದಾಗಲೂ ಬಾಯಿ ಬಿಡಲಿಲ್ಲ, ಆದರೆ ಮರುದಿನ ಅವಳೊಬ್ಬಳೇ ಬರಬೇಕಿತ್ತು, ಈ ಗುಡ್ಡದಲ್ಲಿ ಕಂಟಿಗಳೆಲ್ಲ ಅಕ್ಕತಂಗಿಯರ ಹಾಗೆ, ದಾರಿ ತಪ್ಪಿದರೆ ಎಂಬ ಹೆದರಿಕೆ, ಸುಣ್ಣದ ಗುರುತು ಹಾಕಿದರೆ ಮಂದಿ ಕಣ್ಣಿಗೆ ಬಿದ್ದೀತೆಂಬ ಹೆದರಿಕೆ, ನೋಟ್‌ಬುಕ್ಕಿನ ಪುಟಕ್ಕೆ ಗುರುತಿಗೆಂದು ಇಳಕಲ್ಲಿನಿಂದ ತಂದಿದ್ದ ರೇಷ್ಮೆ ಎಳೆ, ನೇಕಾರ ಅಪ್ಪ, ಅವಳ ಅಬ್ಬಾ, ಮಗ್ಗದಲ್ಲಿ ಸೆರಗಿಗೆ ಹಾಕುವ ಕೆಂಪು, ಇಷ್ಟು ಸಣ್ಣದು ಯಾರಿಗೆ ಕಂಡೀತು ಅಂತ ಬಿಲದ ಪಕ್ಕದ ಕಂಟಿಗೆ ಕಟ್ಟಿದಳು. ಲಗಮವ್ವನಿಗೆ ಕಂಡಿತು. ಕುಳಗೇರಿ ಕ್ರಾಸಿನ ಚಹಾದಂಗಡಿ ಮುಂದೆ ಕುರಿ ನಿಲ್ಲಿಸಿಕೊಂಡು ಮುದುಕಿ ತಾನಾಗಿಯೇ ಹೇಳಿದಳು, ಗುಡ್ಡದಾಗ ಯಾರೋ ಹರಕಿ ಕಟ್ಯಾರ ಯವ್ವಾ, ಬೀರಪ್ಪ ಅಲ್ಲೇ ಬಂದು ನಿಂತಾನ, ನನ್ನ ಕೆಮ್ಮು ಹೋಗಲಿ ಅಂತ ನಾನೂ ಒಂದು ಕಟ್ಟಿ ಬಂದೇನಿ, ನೀನೂ ಕಟ್ಟು, ಚಂದನ್ನ ಗಂಡ ಸಿಗತಾನ — ಚಹಾ ಬಿಟ್ಟು ಓಡಿದ್ದು, ಏದುಸಿರು, ಕಂಟಿಯ ತುಂಬ ಕರಿ ಉಣ್ಣೆಯ ಎಳೆಗಳು, ಸೀರೆ ಅಂಚಿನ ಚೂರು, ಭಂಡಾರದ ಹಳದಿ, ಒಡೆದ ಕಾಯಿಯ ಚಿಪ್ಪು, ಮಣ್ಣಿನ ತುಂಬ ನಾಯಿಗಳ ಹೆಜ್ಜೆ. ಬಿಲ ಯಾರ ಕಣ್ಣಿಗೂ ಬಿದ್ದಿರಲೇ ಇಲ್ಲ, ಒಂದು ಕಲ್ಲು ಕೂಡ ಕದಲಿರಲಿಲ್ಲ, ಎಲ್ಲರೂ ಕೈಮುಗಿದು ಹೋಗಿದ್ದರು, ತಾಯಿ ಮಾತ್ರ ಮರಿಗಳನ್ನು ಕರೆದುಕೊಂಡು ಹೊರಟುಹೋಗಿತ್ತು, ಈ ಚಳಿಯಲ್ಲಿ, ಎಲ್ಲಿಗೆ? ಬಂಡೆಪ್ಪ ಬಿಲದ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಅಂದ, ಯಾವ ಪುಣ್ಯಾತಗಿತ್ತಿ ಮೊದಲನೇ ಗಂಟು ಹಾಕಿದಳೋ. ಶಬ್ದಗಳನ್ನು ತೂಗಿ ತೂಗಿ ಆಡುವವಳು, ಒಂದು ಶಬ್ದವನ್ನೂ ಆಡಲಿಲ್ಲ.

ಇವತ್ತು ಹೇಳಬೇಕು, ಹೇಳಿದರೆ — ಮಾರ್ಚಿಗೆ ಈ ಆರು ತಿಂಗಳ ಕೆಲಸ ಮುಗಿಯುತ್ತದೆ, ಹುನಗುಂದದ ಗಂಡಿನ ಕಡೆಯವರು ನೋಡಿಕೊಂಡು ಹೋಗಿದ್ದಾರೆ, ಹುಡುಗಿ ಗುಡ್ಡ ತಿರುಗೋದು ಸಾಕು ಅಂತಾಳೆ ಅಮ್ಮಾ, ಇನ್ನೆಷ್ಟು ಬೆಳಗು ಉಳಿದವು, ಅವನ ಹಿಂದೆ ನಡೆಯುವ, ಅವನ ಕಂಬಳಿಯ ಹೊಗೆವಾಸನೆ ಮೂಗಿಗೆ ಬರುವ ಬೆಳಗುಗಳು, ಅಕ್ಕಾರ ಅನ್ನದೆ ಒಂದು ಸಲ ಜೋಹರಾ ಅಂದರೆ ಹೇಗೆ ಕೇಳಿಸೀತು, ಹೇಳಿಬಿಟ್ಟರೆ ಅಕ್ಕಾರ ಅನ್ನುವುದೂ ನಿಂತೀತು. ಹೆಜ್ಜೆ ಸದ್ದು, ಅವನೇ, ಆಚೆ ಹಳ್ಳ ನೋಡಿ ಬಂದಿದ್ದಾನೆ, ಮೀಸೆಯ ಮೇಲೆ ಧೂಳು, ಹೆಜ್ಜಿ ಅದಾವ್ರಿ ಅಕ್ಕಾರ, ತಾಯಿದು, ಎರಡು ಮರೀದು. ಎರಡೇ? ಎರಡ ಕಂಡಾವ್ರಿ. ಈ ಹರಕಿ ಎಲ್ಲಾ ಬಿಚ್ಚಿಬಿಡೂಣು, ಮಂದಿ ಬರೂದು ನಿಂತ್ರ, ನಾಯಿ ವಾಸನಿ ಹೋತಂದ್ರ, ತಾಯಿ ತಿರುಗಿ ಬಂದರೂ ಬಂದೀತು, ಅನ್ನುತ್ತ ಬೀರಪ್ಪಾ ತಪ್ಪಾತು ಅಂತ ಕಂಟಿಗೆ ಕೈಮುಗಿದು ಉಣ್ಣೆಯ ಎಳೆಗಳನ್ನು ಬಿಚ್ಚುತ್ತಾನೆ, ಒಂದು, ಇನ್ನೊಂದು, ಸೀರೆ ಚೂರು, ಎಲ್ಲ ಸುಲಭ, ಎಲ್ಲ ಅವನ ಮಂದಿಯ ಗಂಟು, ಕೊನೆಯದು ಬರುತ್ತಿಲ್ಲ. ಎಳೆಯುತ್ತಾನೆ, ಬಿಗಿಯಾಗುತ್ತದೆ, ಹಲ್ಲು ಹಚ್ಚುತ್ತಾನೆ, ಇದ್ಯಾವ ಗಂಟ್ರಿ ಇದು, ನಮ್ಮವರದಲ್ಲ. ಕೊಯ್ದುಬಿಡ್ರಿ ಅನ್ನಲೇ? ಅಷ್ಟರಲ್ಲಿ ಅವನೇ ಅನ್ನುತ್ತಾನೆ, ಹರಕಿ ಕೊಯ್ಯಬಾರದ್ರಿ, ಬಿಚ್ಚಬೇಕು, ಅದಿದ್ರ ಮತ್ತ ಬಂದು ಕಟ್ಟತಾರ. ಎಳೆದಷ್ಟೂ ಕಚ್ಚುವ ಗಂಟು, ನೇಯ್ಗೆಯ ಹಾಸಿನೆಳೆ ಹರಿದಾಗ ನೇಕಾರರು ಹಾಕುವುದು, ಗಿಡ್ಡ ತುದಿ ಹಿಂದಕ್ಕೆ ಒತ್ತಿದರೆ ತಾನೇ ಬಿಡುತ್ತದೆ ಬೇಟಿ ಎಂದು ಮಗ್ಗದ ಮುಂದೆ ಕೂರಿಸಿಕೊಂಡು ಅಬ್ಬಾ ಕಲಿಸಿದ್ದು, ಆಗ ಅವಳಿಗೆ ಎಂಟು ವರ್ಷ, ಈ ಗುಡ್ಡದಲ್ಲಿ ಅದನ್ನು ಬಿಚ್ಚಬಲ್ಲ ಬೆರಳು ಎರಡೇ. ಬಿಡ್ರಿ ಬಂಡೆಪ್ಪ, ನಾ ಬಿಚ್ತೇನಿ — ತನ್ನದೇ ದನಿ, ಇಷ್ಟು ಗಟ್ಟಿಯಾಗಿ, ಅವನು ಪಕ್ಕಕ್ಕೆ ಸರಿದ, ಬೆರಳು ಹೋಯಿತು, ಗಿಡ್ಡ ತುದಿ, ಹಿಂದಕ್ಕೆ, ಬಿಟ್ಟಿತು, ಅವನು ಬೆರಳು ನೋಡಿದ, ಮುಖ ನೋಡಿದ, ಅಕ್ಕಾರ ಅನ್ನಲಿಲ್ಲ, ಬಿಲದ ಬಾಯಿ ಕಪ್ಪಗೆ, ಅಂಗೈಯಲ್ಲಿ, ಗಾಳಿಗೆ ತುದಿ ಎತ್ತಿ, ಗೇಣುದ್ದದ ಕೆಂಪು ದಾರ