ಚರಗದ ಮೊದಲ ರೊಟ್ಟಿ

ಶಿವಕಾಂತಾ ಹಿಟ್ಟಿಗೆ ಕೈಹಾಕದೆ ಒಂದು ಮಳೆಗಾಲವೇ ಕಳೆದಿತ್ತು. ಗರ್ಭಚೀಲದ ಆಪರೇಷನ್ನಿಗೆಂದು ಗುಲಬರ್ಗಾಕ್ಕೆ ಹೋದಾಗ ಡಾಕ್ಟರಮ್ಮ ಅವಳ ರಕ್ತ ಪರೀಕ್ಷೆ ಮಾಡಿಸಿ, "ಲಿವರಿಗೆ ಹತ್ತುವ ಹೆಪಟೈಟಿಸ್ ಸಿ ಇರಬಹುದು, ಇಲ್ಲದೆಯೂ ಇರಬಹುದು" ಎಂದಿದ್ದರು. ಇನ್ನೊಂದು ಪರೀಕ್ಷೆಗೆ ರಕ್ತ ಬೊಂಬಾಯಿಗೆ ಹೋಯಿತು.

ತನ್ನೂರು ಅಂದೋಲಾಕ್ಕೆ ಮರಳುವ ಬಸ್ಸಿನಲ್ಲೇ ಅವಳು ತೀರ್ಮಾನಿಸಿಬಿಟ್ಟಳು. ಲಿವರಿನ ರೋಗವೆಂದರೆ ಕಾಮಣಿ, ಅಂದರೆ ಕಾಮಾಲೆ. ಕಾಮಣಿಯಾದವರ ಕೈಯಡುಗೆ ಮನೆಮಂದಿ ಉಣ್ಣಬಾರದು. ಡಾಕ್ಟರಮ್ಮನನ್ನು ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಹೌದು ಅಂದುಬಿಟ್ಟರೆ?

ಅಂದಿನಿಂದ ಕಸ, ದನ, ಹೊಲ ಅವಳ ಪಾಲಿಗೆ. ಒಲೆ ಅತ್ತೆ ಗುರುಶಾಂತಮ್ಮನ ಪಾಲಿಗೆ. ಮೊಣಕೈ ನೋವಿನ ಮುದುಕಿ ರೊಟ್ಟಿ ಬಡಿದು, ಹರಿದ ಅಂಚು ತೋರಿಸಿ, "ನೋಡಬೇ, ಜೇವರ್ಗಿ ತಾಲೂಕಿನ ನಕ್ಷಾ ಆಗೇದ" ಎನ್ನುತ್ತಿದ್ದಳು. ಆದರೆ ಬಿಸಿ ರೊಟ್ಟಿ ಮೊದಲು ಬೀಳುತ್ತಿದ್ದುದು ಸೊಸೆಯ ತಾಟಿಗೇ.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಅಂದು ಹೊಲಕ್ಕೆ ಚೆಲ್ಲುವ ಎಡೆಗೆ ಚರಗ ಎನ್ನುತ್ತಾರೆ. ಅದರ ಮೊದಲ ಸಜ್ಜಿ ರೊಟ್ಟಿ ಸೊಸೆಯೇ ಬಡಿಯಬೇಕೆಂಬುದು ಅವರ ಮನೆಯ ಪದ್ಧತಿ. ಈ ಸಲ ಯಾರು ಬಡಿಯಬೇಕೆಂದು ಶಿವಕಾಂತಾ ಕೇಳಲಿಲ್ಲ. ಬೊಂಬಾಯಿಯ ವರದಿ ಬಂದಿದೆಯೆಂದು ತಿಳಿದಾಗ ಗುರುಶಾಂತಮ್ಮ, "ನಾನೂ ಬರ್ತೇನಿ" ಎಂದು ಚಪ್ಪಲಿ ಮೆಟ್ಟಿದಳು.

ಆ ವರದಿಯೂ ಖಚಿತ ಹೇಳಿರಲಿಲ್ಲ. "ಆರು ತಿಂಗಳು ಬಿಟ್ಟು ಮತ್ತ ನೋಡೂಣು" ಎಂದರು ಡಾಕ್ಟರಮ್ಮ. "ರೋಗ ಇದ್ದರ, ಮಗಳ ಹೆರಿಗ್ಯಾಗ ನಿನಗ ಹಾಕಿದ ರಕ್ತದಿಂದ ಬಂದಿರಬಹುದು."

"ಅದಿರಲ್ರಿ ಡಾಕ್ಟರ್ ಬಾಯಾರ" ಎಂದಳು ಗುರುಶಾಂತಮ್ಮ. "ನಮ್ಮ ಸೊಸಿ ರೊಟ್ಟಿ ಬಡದ್ರ ನಾವು ತಿನ್ನಬಹುದೋ ಇಲ್ಲೋ, ಅಷ್ಟು ಹೇಳ್ರಿ."

"ತಿನ್ನಬಾರದು ಅಂದವರು ಯಾರು?"

"ಇಕಿನೇ ರೀ. ಮನ್ಯಾಗ ಡಾಕ್ಟರ್ ಆಗಿ ಕುಂತಾಳ."

ಡಾಕ್ಟರಮ್ಮ ನಕ್ಕರು. "ಇದು ರಕ್ತದಿಂದ ರಕ್ತಕ್ಕ ಹೋಗೂದವ್ವ. ಅಡಗಿಯಿಂದ ಹತ್ತೂದಿಲ್ಲ, ಒಂದ ತಾಟಿನ್ಯಾಗ ಉಂಡ್ರೂ ಹತ್ತೂದಿಲ್ಲ. ಕೈಗೆ ಗಾಯ ಆದ್ರ ಪಟ್ಟಿ ಕಟ್ಟಿಕೋ, ಸಾಕು."

ಬಸ್ಸಿನಲ್ಲಿ ಶಿವಕಾಂತಾ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಆ ರಕ್ತ ಕೊಟ್ಟವರು ಯಾರಿದ್ರೋ ಏನೋ."

"ಯಾರರ ಇರ್ಲಿ, ತಣ್ಣಗಿರ್ಲಿ. ಅವತ್ತು ಅದು ಸಿಗದಿದ್ರ ನಿನ್ನ ಮಗಳಿಗಿ ಅವ್ವನ್ನ ಎಲ್ಲಿಂದ ತರ್ತಿದ್ದೆ ನಾ?"

ಡಾಕ್ಟರಮ್ಮನ ಮಾತು ಕೇಳಿದಾಗಿನಿಂದ ಆ ರಕ್ತದ ಬಾಟಲಿಯನ್ನು ನೆನೆದರೆ ಅವಳಿಗೆ ಭಯವೇ ಆಗುತ್ತಿತ್ತು. ಭಯ ಈಗಲೂ ಇತ್ತು. ಆದರೆ ಹೆಸರಿಲ್ಲದ ಆ ಮನುಷ್ಯನಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಮರುದಿನ ಓಣಿಯ ಹೆಂಗಸರು ರೊಟ್ಟಿಗೆ ಸೇರಿದರು. ಶಿವಕಾಂತಾ ಕೈ ತೊಳೆದು ಬಂದು ಕುಳಿತಾಗ, ಅವಳ ರೋಗದ ಸುದ್ದಿ ಗೊತ್ತಿದ್ದ ನೆರೆಮನೆಯ ಮಾಣಿಕಮ್ಮನ ಕೈ ನಿಂತಿತು. ಶಿವಕಾಂತಾ ಹಿಟ್ಟು ನಾದಿ, ಎಳ್ಳು ಉದುರಿಸಿ ಬಡಿದಳು. ರೊಟ್ಟಿ ಹೆಂಚಿನ ಮೇಲೆ ದುಂಡಗೆ ಉಬ್ಬಿತು.

ಚರಗಕ್ಕೆಂದು ಎತ್ತಿಡಬೇಕಾದ ಆ ರೊಟ್ಟಿಯನ್ನು ಗುರುಶಾಂತಮ್ಮ ಮುರಿದು, ಎಲ್ಲರ ಎದುರು ಬಾಯಿಗಿಟ್ಟುಕೊಂಡಳು.

"ಅಯ್ಯ, ಭೂಮ್ತಾಯಿದು ಅಲ್ಲೇನ್ರಿ ಅದು?" ಎಂದಳು ಮಾಣಿಕಮ್ಮ.

"ಆಕಿಗಿ ಎರಡನೇದು ಕೊಡೂಣು. ಆಕಿ ಏನೂ ಸಿಟ್ಟಾಗೂದಿಲ್ಲ. ತಗೋ, ನೀನೂ ತಿನ್ನು."

ಮಾಣಿಕಮ್ಮ ಅತ್ತೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಚೂರು ಇಸಿದುಕೊಂಡು ಬಾಯಿಗೆ ಹಾಕಿದಳು. "ಉಪ್ಪು ಕಮ್ಮಿ ಆಗೇದ" ಎಂದಳು ಅಗಿಯುತ್ತ.

ಶಿವಕಾಂತಾ ತಲೆ ತಗ್ಗಿಸಿ ಹಿಟ್ಟಿಗೆ ಇನ್ನೊಂದು ಚಿಟಿಕೆ ಉಪ್ಪು ಬೆರೆಸಿದಳು.