ತೆರೆದ ಕಿಟಕಿಯ ಮಹಾಮಾಯಾ

ಚಳಿಗಾಲದ ಬೆಳಗ್ಗೆ ಬೀದರದಿಂದ ಔರಾದಕ್ಕೆ ಹೊರಟ ಬಸ್ಸಿನಲ್ಲಿ ಉಳಿದೆಲ್ಲ ಕಿಟಕಿಗಳೂ ಮುಚ್ಚಿದ್ದು ಒಂದೇ ಒಂದು ತೆರೆದಿದ್ದರೆ, ಅದರ ಪಕ್ಕದಲ್ಲಿ ಕಂಡಕ್ಟರ್ ಮಹಾಮಾಯಾ ಕುಳಿತಿದ್ದಾರೆಂದೇ ತಿಳಿಯಬೇಕು. ಖಾಕಿ ಕೋಟಿನ ಮೇಲ್ಗುಂಡಿ ಬಿಚ್ಚಿ, ಒದ್ದೆ ಕರವಸ್ತ್ರವನ್ನು ಕೊರಳಿಗೊತ್ತಿಕೊಂಡು, ಕಿಕ್ಕಿರಿದ ಬಸ್ಸಿನಲ್ಲಿ ಭುಜ ಮುಂದುಮಾಡಿ ನುಗ್ಗುವ ಅವರ ನಡಿಗೆಯೇ ಒಂದು ಜಗಳ.

"ಅಕ್ಕಾರ, ಖಿಡಕಿ ಮುಚ್ರಿ, ಥಂಡಿ ಬಡೀಲತ್ತದ," ಎಂದು ಹಿಂದಿನ ಸೀಟಿನವರು ಗೊಣಗುತ್ತಾರೆ.

"ನಿಮಗ ಥಂಡಿ, ನನಗ ಬೆಂಕಿ. ಚಾದರ ಹೊದ್ಕೋರಿ!"

ಮೊದಲು ಹೀಗಿರಲಿಲ್ಲ. ಮುಟ್ಟು ನಿಲ್ಲುವ ಕಾಲ ಬಂದು ಮೈ ಕಾಯತೊಡಗಿದ ಮೇಲೆ, ನಿಲ್ದಾಣದ ಶೌಚಾಲಯಗಳಿಗೆ ಹೆದರಿ ದಿನವಿಡೀ ನೀರು ಕುಡಿಯದ ಹಳೆಯ ಅಭ್ಯಾಸ ಈಗ ಹಗೆ ಸಾಧಿಸತೊಡಗಿತ್ತು. ಮನೆಯಲ್ಲಾದರೂ ಕಿಟಕಿ ತೆರೆಯೋಣವೆಂದರೆ ಗಂಡ ಕೈಲಾಶನಿಗೆ ಗಾಳಿ ಆಗದು. ಅತ್ತ ಪ್ರಯಾಣಿಕರಿಂದ ಡಿಪೋಗೆ ದೂರು ಹೋಗಿತ್ತು. ಇನ್ನೊಂದು ದೂರು ಬಂದರೆ ಬಸ್ಸಿನಿಂದ ಇಳಿಸಿ ಡಿಪೋದೊಳಗಿನ ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ ಲೆಕ್ಕ ಬರೆಯಲು ಕೂರಿಸುತ್ತೇನೆಂದು ಮ್ಯಾನೇಜರು ಎಚ್ಚರಿಸಿದ್ದರು. ಆ ಕೋಣೆಯನ್ನು ನೆನೆದರೇ ಮಹಾಮಾಯಾರ ಉಸಿರು ಕಟ್ಟುತ್ತಿತ್ತು.

ಒಂದು ಮಧ್ಯಾಹ್ನ ದಾರಿಯಲ್ಲಿ ಠಾಣಾ ಕುಶನೂರ ಎಂಬ ಊರು ದಾಟಿದ ಮೇಲೆ ಬಿಸಿ ಹೊಟ್ಟೆಯಿಂದೆದ್ದು ಕಿವಿಗೇರಿತು. ತಡೆಯಲಾರದೆ ಸೀಟಿ ಊದಿ ಬಸ್ಸು ನಿಲ್ಲಿಸಿ, ತೊಗರಿ ಹೊಲದ ಬದುವಿಗೆ ಇಳಿದರು. ಕಾಲು ನೆಲಕ್ಕೆ ತಾಗಿದ್ದೇ ತಡ, ಯಾರೇ ಇಳಿದರೂ ಕಂಡಕ್ಟರು ಮಾಡುವ ಕೆಲಸವನ್ನು ಕೈಬಾಯಿಗಳು ತಾವಾಗಿಯೇ ಮಾಡಿಬಿಟ್ಟವು: ಬಸ್ಸಿನ ಮೈಗೆ ಫಟ್ಟನೆ ಬಡಿದು, "ರೈಟ್!"

ಬಸ್ಸು ಹೋಯಿತು. ಕೊರಳಲ್ಲಿ ಟಿಕೆಟ್ ಯಂತ್ರ ಹೊತ್ತ ಕಂಡಕ್ಟರು ಧೂಳಿನಲ್ಲಿ ಉಳಿದರು. ಬೆವರು ಅಲ್ಲಿಯೇ ತಣ್ಣಗಾಯಿತು; ಕಣ್ಣೆದುರು ಬಂದು ನಿಂತದ್ದು ಆ ಕೋಣೆ.

ಪ್ರಯಾಣಿಕರ ಕೂಗಾಟಕ್ಕೆ ಎಚ್ಚೆತ್ತ ಡ್ರೈವರ್ ಮಡೆಪ್ಪ ಬಸ್ಸನ್ನು ಹಿಂದಕ್ಕೆ ತಂದ. ಕೆಲವರು ನಕ್ಕರು, ಒಬ್ಬ ಫೋನಿನಲ್ಲಿ ಚಿತ್ರ ಹಿಡಿದ. "ಕನ್ನಡಿ ನೋಡಿಲ್ಲ, ನಂದೇ ತಪ್ಪು ಅಂತ ಹೇಳ್ತೇನಿ ಅಕ್ಕಾ," ಎಂದು ಮಡೆಪ್ಪ ಪಿಸುಗುಟ್ಟಿದ.

"ಬ್ಯಾಡೋ. ನಾ ಹೇಳ್ತೇನಿ."

ಸಂಜೆ ಮಹಾಮಾಯಾ ತಾವಾಗಿಯೇ ಹೋಗಿ ಮ್ಯಾನೇಜರ ಮೇಜಿನೆದುರು ನಿಂತರು.

"ನಡುದಾರ್ಯಾಗ ಯಾಕ ಇಳಿದ್ರಿ?"

"ಮುಟ್ಟು ನಿಲ್ಲಲತ್ತದ್ರಿ ಸಾಹೇಬ್ರ. ಮೈಯೆಲ್ಲ ಉರೀತದ. ಖಾತ್ರಿ ಇಲ್ದಿದ್ರ ನಿಮ್ಮ ಮನ್ಯಾಗ ಕೇಳ್ರಿ. ಆ ಕೋಣ್ಯಾಗ ಮಾತ್ರ ನಾ ಕೂಡಂಗಿಲ್ಲ."

ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿ ದೂರಿನ ಹಾಳೆಯನ್ನು ಬದಿಗಿಟ್ಟರು. ತಲೆಯೆತ್ತದೆ, "ನಾಳಿ ಬಸ್ಸಿನ ಡ್ಯೂಟಿಗೇ ಬರ್ರಿ. ನೀರಿನ ಬಾಟ್ಲಿ ತರ್ರಿ," ಎಂದರು.

ಇಂಥ ಹೆಂಗಸರು ಊರಿಗೆಲ್ಲ ಬಸ್ಸು ನಿಲ್ಲಿಸುತ್ತಾರೆ, ಮುದುಕಿಯರ ಗಂಟು ಇಳಿಸಿಕೊಡುತ್ತಾರೆ. ತಮಗಾಗಿ ಒಂದು ಗಳಿಗೆ ಇಳಿದಾಗ ಮಾತ್ರ, ತಾವಿಲ್ಲದೆಯೇ ಹೊರಡಿರೆಂದು ಬಸ್ಸಿಗೆ ಅಪ್ಪಣೆ ಕೊಡುವವರೂ ಅವರೇ.