ಹನ್ನೊಂದು ಗಂಟೆಯ ಸಾಲು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಡಾಕ್ಟರುಗಳು ನನಗಿಟ್ಟ ಹೆಸರು ಫೈಲಮ್ಮ. ರೋಗಿ ಮನೆಗೆ ಹೋಗಲಿ, ಮೇಲಕ್ಕೇ ಹೋಗಲಿ, ಫೈಲು ಮಾತ್ರ ನನ್ನ ಹತ್ತಿರ ಬರಬೇಕು. ಅದರಲ್ಲಿ ಒಂದು ಸಾಲು ಖಾಲಿಯಿದ್ದರೂ ನಾನು ಕಪಾಟಿಗೆ ಏರಿಸುವವಳಲ್ಲ. ಬರೆಯಬೇಕಾದವರನ್ನು ಕ್ಯಾಂಟೀನಿನಿಂದಲಾದರೂ ಹಿಡಿದು ತರುತ್ತೇನೆ.

ಪಾಪ, ಅವರದೂ ತಪ್ಪೆನ್ನಲಾರೆ. ಮೂವತ್ತಾರು ಗಂಟೆಯ ಡ್ಯೂಟಿ, ಅರವತ್ತು ಹಾಸಿಗೆಗೆ ಒಬ್ಬರು. ರೋಗಿಯನ್ನು ನೋಡುವುದಕ್ಕೇ ಪುರುಸೊತ್ತಿಲ್ಲ, ಇನ್ನು ಬರೆಯುವುದು ಯಾವಾಗ? ಎಷ್ಟೋ ದಿನ ಕಳೆದ ಮೇಲೆ ನನ್ನ ಮೇಜಿಗೆ ಬಂದು, ಫೈಲು ರಾಶಿ ಹಾಕಿಕೊಂಡು ಬರೆಯುತ್ತಾರೆ. "ನೆನಪೇ ಇಲ್ಲ ಅಕ್ಕ, ಏನ್ ಬರೀಲಿ?" ಅಂದರೆ ನಾನೇ ಹೇಳಿಕೊಡುತ್ತಿದ್ದೆ: "ಆರಾಮಾಗಿದ್ದಾರೆ, ತೊಂದರೆ ಏನೂ ಹೇಳಲಿಲ್ಲ ಅಂತ ಬರೀರಿ. ಖಾಲಿ ಮಾತ್ರ ಬಿಡಬೇಡಿ."

ಹೋದ ತಿಂಗಳು ನನ್ನ ಅಣ್ಣ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ತೀರಿಕೊಂಡ. ಬೆಳಿಗ್ಗೆ ಹತ್ತಕ್ಕೆ ಅವನಿಗೆ ನೀರು ಕುಡಿಸಿ, "ಊಟದ ಹೊತ್ತಿಗೆ ಬರ್ತೀನಿ ಅಣ್ಣ" ಎಂದು ಕೆಳಗಿಳಿದಿದ್ದೆ. ನನ್ನ ಕೈ ಬಿಡಲು ಅವನು ಸ್ವಲ್ಪ ತಡಮಾಡಿದ್ದ. ಆದರೆ ಅಂದು ಒಂಬತ್ತು ಫೈಲು ಬಾಕಿಯಿದ್ದವಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಹನ್ನೆರಡಕ್ಕೆ ಫೋನ್ ಬಂತು. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಎಳೆದಿದ್ದರು.

ಆ ಎರಡು ಗಂಟೆ ಅವನು ನೋವು ತಿಂದನೋ, ನನ್ನನ್ನು ಕರೆದನೋ? ಅದೊಂದು ಗೊತ್ತಾಗಬೇಕಿತ್ತು ನನಗೆ. ನರ್ಸು ವಾರ್ಡಿನ ಆಚೆ ತುದಿಯಲ್ಲಿದ್ದಳಂತೆ. ಹನ್ನೊಂದಕ್ಕೆ ಒಬ್ಬ ಎಳೆಯ ಡಾಕ್ಟರು ಬಂದು ನೋಡಿದ್ದರಂತೆ.

ಮೊನ್ನೆ ಅವನ ಫೈಲು ಬಂತು. ಹನ್ನೊಂದು ಗಂಟೆಯ ಸಾಲು ಖಾಲಿ.

ಮಧ್ಯಾಹ್ನ ಆ ಎಳೆಯ ಡಾಕ್ಟರು ಬಂದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ರಾಶಿಯಲ್ಲಿ ನಾಲ್ಕನೆಯದು ಅಣ್ಣನದು. ಹೆಸರೂ ಓದದೆ ಬರೆದರು: ಆರಾಮಾಗಿದ್ದಾರೆ, ತೊಂದರೆ ಏನೂ ಹೇಳಲಿಲ್ಲ. ಸಹಿ ಹಾಕಿ ಐದನೆಯದಕ್ಕೆ ಕೈ ಚಾಚಿದರು.

"ಡಾಕ್ಟ್ರೇ, ಇವರು ಅವತ್ತು ಯಾರನ್ನಾದ್ರೂ ಕರೆದ್ರಾ?"

ಅವರು ಹೆಸರು ನೋಡಿದರು. ಹಣೆ ಒತ್ತಿಕೊಂಡು ಯೋಚಿಸಿದರು. "ಮುಖನೇ ನೆನಪಾಗ್ತಿಲ್ಲ ಅಕ್ಕ. ಯಾಕೆ, ತಪ್ಪಾಯ್ತಾ? ನೀವು ಹೇಳ್ಕೊಟ್ಟ ಹಾಗೇ ಬರ್ದಿದೀನಿ."

"ನಮ್ಮಣ್ಣ" ಎಂದೆ.

ಪೆನ್ನು ಕೆಳಗಿಟ್ಟರು. ಬೈಯಬೇಕೆಂದು ಬಾಯಿ ತೆರೆದೆ, ಆದರೆ ಅವರು ಬರೆದಿದ್ದು ನನ್ನದೇ ಮಾತು. ಮಾಡಿದ್ದುಣ್ಣೋ ಮಹರಾಯ. ಎಷ್ಟು ಜನರ ಅಣ್ಣಂದಿರನ್ನು ಹೀಗೆ ಆರಾಮಾಗಿಸಿ ಕಪಾಟಿಗೆ ಏರಿಸಿದ್ದೆನೋ. ಅವರೆದುರೇ ಅತ್ತುಬಿಟ್ಟೆ.

"ಅದನ್ನ ಹೊಡೆದುಹಾಕಿ. ನೆನಪಿಲ್ಲ ಅಂತ ಬರೀರಿ."

ಗೆರೆ ಎಳೆದು, ಹಾಗೆಯೇ ಬರೆದರು. ಆಮೇಲೆ ಐದನೆಯ ಫೈಲು ತೆರೆದು, ನನ್ನ ಮುಖ ನೋಡಿದರು.

"ಇದಕ್ಕೆ ಏನ್ ಬರೀಲಿ ಅಕ್ಕ?"

ಇಪ್ಪತ್ತೆರಡು ವರ್ಷ ನಾಲಿಗೆ ತುದಿಯಲ್ಲಿದ್ದ ಉತ್ತರವನ್ನು ಅವತ್ತು ಬಿಟ್ಟು, ಫೈಲಿನ ಮೇಲಿದ್ದ ಹೆಸರಿಗೆ ಬೆರಳಿಟ್ಟು ತೋರಿಸಿದೆ.